ರಟ್ಟಿನ ಗದೆ

ಗ್ರೀಕ್ ಸಾಹಿತ್ಯವೆಂದೊಡನೆ ನಮ್ಮ ವಿದ್ಯಾವಂತರ ಮುಖ ಗಂಭೀರವಾಗುತ್ತದೆ. ಹೋಮರ್, ಸೋಫೋಕ್ಲಿಸ್, ವಿಧಿ, ರುದ್ರನಾಟಕ, ಭಾವಶುದ್ಧಿ ಎಂಬ ಮಾತುಗಳು ಒಂದರ ಬೆನ್ನಿಗೊಂದು ಬರುತ್ತವೆ. ಅದೇ ಗ್ರೀಕರ ಕಥೆ ಬೆಳ್ಳಿತೆರೆಗೆ ಬಂದು, ಮೈಗೆ ಎಣ್ಣೆ ಸವರಿಕೊಂಡ ಜಟ್ಟಿಯೊಬ್ಬ ರಟ್ಟಿನ ಕಂಬವನ್ನು ಕಿತ್ತು ಶತ್ರುಗಳ ತಲೆಗೆ ಅಪ್ಪಳಿಸಿದನೆಂದರೆ ಇವರೇ ಮುಖ ತಿರುಗಿಸಿ, “ಇದೆಲ್ಲ ಮಕ್ಕಳಾಟ” ಎನ್ನುತ್ತಾರೆ. ಮಕ್ಕಳಾಟವೆಂಬುದು ನಿಜ. ಆದುದರಿಂದ ಅದಕ್ಕೆ ಚರಿತ್ರೆಯಿಲ್ಲ, ಕುಲಗೋತ್ರವಿಲ್ಲ ಎಂಬುದು ಮಾತ್ರ ನಿಜವಲ್ಲ. ಆ ಕುಲಗೋತ್ರವನ್ನು ಕೊಂಚ ವಿಚಾರಿಸೋಣವೆಂದು ಹೊರಟಿದ್ದೇನೆ. ವಿಚಾರಿಸುತ್ತ ಹೋದರೆ ಅದು ಹಾಸನ ಜಿಲ್ಲೆಯ ನಮ್ಮ ಬಾಗೂರಿನವರೆಗೂ ಬರುತ್ತದೆ. ಈ ವಿಷಯದಲ್ಲಿ ನನಗಿರುವ ಸ್ವಾರ್ಥ ಅಷ್ಟೆ.

1914ರಲ್ಲಿ ಇಟಲಿಯಲ್ಲಿ ‘ಕಬೀರಿಯಾ’ ಎಂಬ ಮೂಕಚಿತ್ರ ತಯಾರಾಯಿತು. ಅದರಲ್ಲಿ ಮಾಚಿಸ್ತೆ ಎಂಬ ಮಹಾಬಲಶಾಲಿಯ ಪಾತ್ರವನ್ನು ವಹಿಸಿದವನು ಜಿನೋವಾ ಬಂದರಿನಲ್ಲಿ ದುಡಿಯುತ್ತಿದ್ದ ಬಾರ್ತೊಲೊಮಿಯೊ ಪಗಾನೊ. ಜನ ಕಥಾನಾಯಕನನ್ನು ಮರೆತು ಈ ಬಂದರಿನ ಆಳನ್ನು ಮೆಚ್ಚಿದರು. ಅವನ ಸಾಹಸಗಳ ಮೇಲೆಯೇ ಮತ್ತೆ ಮತ್ತೆ ಚಿತ್ರಗಳು ಬಂದುವು. ಅದಕ್ಕೆ ಒಂದು ವರ್ಷ ಮೊದಲು, 1913ರಲ್ಲಿ, ಫಾಲ್ಕೆಯವರು ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೋರಿಸಿದ್ದರು. 1917ರಲ್ಲಿ ‘ಲಂಕಾ ದಹನ’, 1919ರಲ್ಲಿ ‘ಕಾಳಿಯ ಮರ್ದನ’. ಈ ಕೊನೆಯ ಚಿತ್ರದಲ್ಲಿ ಬಾಲಕೃಷ್ಣನಾದವಳು ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಯೂರೋಪಿನಲ್ಲೂ ನಮ್ಮಲ್ಲೂ ಕ್ಯಾಮೆರಾ ಕಣ್ಣುಬಿಟ್ಟೊಡನೆ ಮೊದಲು ನೋಡಬಯಸಿದ್ದು ಪುರಾಣದ ಅದ್ಭುತವನ್ನೇ ಎಂಬುದನ್ನು ಗಮನಿಸಬೇಕು.

ಹರ್ಕ್ಯುಲಿಸನ ಸುಗ್ಗಿ ಬಂದದ್ದು 1958ರಲ್ಲಿ. ಪಿಯೆತ್ರೊ ಫ್ರಾಂಚಿಸ್ಕಿ ಎಂಬ ಇಟಲಿಯ ನಿರ್ದೇಶಕ, 1950ರಲ್ಲಿ ‘ಮಿಸ್ಟರ್ ಯೂನಿವರ್ಸ್’ ಬಿರುದು ಪಡೆದಿದ್ದ ಅಮೆರಿಕದ ಸ್ಟೀವ್ ರೀವ್ಸ್‌ನನ್ನು ಕರೆತಂದು ಹರ್ಕ್ಯುಲಿಸನನ್ನಾಗಿ ಮಾಡಿದ. ಮೈ ಅವನದು, ದನಿ ಬೇರೊಬ್ಬನದು. ಇಂಗ್ಲಿಷು ಬಲ್ಲ ನಟನಿಗೆ ಇಂಗ್ಲಿಷಿನಲ್ಲಿಯೂ ಬೇರೊಬ್ಬರೇ ಮಾತಾಡಿದರು. ಮರುವರ್ಷ ಜೋಸೆಫ್ ಲೆವಿನ್ ಎಂಬ ವ್ಯಾಪಾರಿ ಅಬ್ಬರದ ಪ್ರಚಾರದೊಂದಿಗೆ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿ ಹಣದ ರಾಶಿಯನ್ನೇ ಬಾಚಿದ. ಅಲ್ಲಿಂದ ಏಳೆಂಟು ವರ್ಷ ರೋಮ್ ನಗರದ ಸ್ಟುಡಿಯೋಗಳಲ್ಲಿ ಹರ್ಕ್ಯುಲಿಸರ ಸಾಲೇ ಸಾಲು. ಆಮೇಲೆ ಅದೇ ಸ್ಟುಡಿಯೋಗಳಿಗೆ ಕುದುರೆಯೇರಿದ ಕೌಬಾಯ್‌ಗಳು ಬಂದರು. ಜಟ್ಟಿಗಳು ಮನೆಗೆ ಹೋದರು.

ಇದೇ ಕಾಲದಲ್ಲಿ ರೇ ಹ್ಯಾರಿಹೌಸನ್ ಎಂಬ ಕುಶಲಿ ಇನ್ನೊಂದು ದಾರಿ ಹಿಡಿದಿದ್ದ. ಅವನ ಬೊಂಬೆಗಳು 1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದಲ್ಲಿ ಕುಣಿದುವು. ಅದರ ಕೊನೆಯಲ್ಲಿ ಏಳು ಅಸ್ಥಿಪಂಜರಗಳು ನೆಲದಿಂದೆದ್ದು ಮೂವರು ವೀರರೊಡನೆ ಕತ್ತಿ ಹಿಡಿದು ಕಾದುತ್ತವೆ. ತೆರೆಯ ಮೇಲೆ ಕೆಲವೇ ನಿಮಿಷಗಳ ಈ ಕಾಳಗಕ್ಕೆ ಹಿಡಿದದ್ದು ನಾಲ್ಕು ತಿಂಗಳಿಗೂ ಮೀರಿದ ಕಾಲ. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಮೂಲಕಥೆಯಲ್ಲಿ ಜೇಸನ್ ಸರ್ಪದ ಹಲ್ಲುಗಳನ್ನು ಉತ್ತು ಬಿತ್ತುತ್ತಾನೆ. ಅವು ಆಯುಧಪಾಣಿಗಳಾಗಿ ಮೊಳೆಯುತ್ತವೆ. ನಮ್ಮ ರಕ್ತಬೀಜಾಸುರನನ್ನು ಬಲ್ಲವರಿಗೆ ಈ ಬೆಳೆ ಹೊಸದೇನಲ್ಲ.

ಈ ಚಿತ್ರಗಳ ಸೊಗಸಿರುವುದು ಅವುಗಳ ಹಗುರದಲ್ಲಿ. ಅಲ್ಲಿ ಯಾರಿಗೂ ನಿಜವಾಗಿ ಪೆಟ್ಟಾಗುವುದಿಲ್ಲ. ಸತ್ತವರು ಒರಗುವ ರೀತಿ ನೋಡಿದರೆ ಊಟದ ವೇಳೆಗೆ ಎದ್ದು ಬಂದಾರೆಂಬ ಧೈರ್ಯ ನಮಗಿರುತ್ತದೆ. ಬಂಡೆ ಹಗುರವೆಂಬುದು ಎತ್ತುವವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಎತ್ತುವವನು ತಿಣುಕುತ್ತಾನೆ, ನೋಡುವವನು ಭಲೆ ಎನ್ನುತ್ತಾನೆ. ಇದು ಮೋಸವಲ್ಲ, ಇಬ್ಬರ ನಡುವಿನ ಒಪ್ಪಂದ.

“ಗ್ರೀಕರ ಘನವಾದ ಪುರಾಣವನ್ನು ಹೀಗೆ ಹಗುರ ಮಾಡಬಹುದೆ?” ಎಂದು ಕೇಳುವವರು ಗ್ರೀಕರನ್ನೇ ಕೇಳಬೇಕು. ಅಥೆನ್ಸಿನ ಉತ್ಸವದಲ್ಲಿ ಕವಿಯೊಬ್ಬ ಮೂರು ರುದ್ರನಾಟಕಗಳನ್ನಾಡಿಸಿದ ಮೇಲೆ ನಾಲ್ಕನೆಯದಾಗಿ ಸೇಟರ್ ನಾಟಕವೆಂಬ ಒಂದು ನಗೆಯಾಟವನ್ನು ಆಡಿಸುವುದು ಪದ್ಧತಿಯಾಗಿತ್ತು. ಕುದುರೆಬಾಲದ, ಹೆಂಡದ ಚಪಲದ ವನಚರರು ಅದರ ಮೇಳ. ಕಥೆ ಮಾತ್ರ ಅದೇ ಪುರಾಣದ್ದು. ಯೂರಿಪಿಡೀಸನ ‘ಸೈಕ್ಲಾಪ್ಸ್’ ಪೂರ್ತಿಯಾಗಿ ಉಳಿದು ಬಂದಿದೆ. ಕ್ರಿ. ಪೂ. 438ರಲ್ಲಿ ಅದೇ ಕವಿ ಆ ನಾಲ್ಕನೆಯ ಸ್ಥಾನದಲ್ಲಿ ‘ಅಲ್ಸೆಸ್ಟಿಸ್’ ನಾಟಕವನ್ನಿಟ್ಟ. ಗಂಡನಿಗಾಗಿ ಪ್ರಾಣ ಕೊಟ್ಟ ಸತಿಯ ಸಾವಿನ ಮನೆಗೆ ಹರ್ಕ್ಯುಲಿಸ್ ಅತಿಥಿಯಾಗಿ ಬರುತ್ತಾನೆ, ವಿಷಯ ತಿಳಿಯದೆ ಕುಡಿದು ಹಾಡುತ್ತಾನೆ, ಆಳು ಗೊಣಗುತ್ತಾನೆ. ತಿಳಿದೊಡನೆ ಗೋರಿಯ ಬಳಿ ಹೋಗಿ ಮೃತ್ಯುವಿನೊಡನೆ ಕುಸ್ತಿ ಹಿಡಿದು ಅವಳನ್ನು ಬಿಡಿಸಿ ತರುತ್ತಾನೆ. ನಮ್ಮ ಸಾವಿತ್ರಿ ಯಮನನ್ನು ಮಾತಿನಲ್ಲಿ ಕೆಡವಿದಳು. ಗ್ರೀಕರ ಜಟ್ಟಿ ಮೃತ್ಯುವನ್ನು ಮಟ್ಟಿಯಲ್ಲಿಯೇ ಕೆಡವಿದ. ಇನ್ನು ಅರಿಸ್ಟೊಫನೀಸನ ‘ಕಪ್ಪೆಗಳು’, ಕ್ರಿ. ಪೂ. 405ರದು. ಅದರಲ್ಲಿ ದೇವರಾದ ಡಯೊನೈಸಸ್ ಹರ್ಕ್ಯುಲಿಸನ ವೇಷ ಹಾಕಿ, ಸಿಂಹದ ಚರ್ಮ ಹೊದ್ದು, ಗದೆ ಹೊತ್ತು ಪಾತಾಳಕ್ಕೆ ಹೋಗುತ್ತಾನೆ. ಅಲ್ಲಿಯ ಹೋಟೆಲಿನ ಹೆಂಗಸರು ಅವನನ್ನೇ ಹರ್ಕ್ಯುಲಿಸನೆಂದು ಬಗೆದು, “ಅಂದು ರೊಟ್ಟಿ, ಗಿಣ್ಣು ಎಲ್ಲವನ್ನೂ ತಿಂದು ದುಡ್ಡು ಕೊಡದೆ ಹೋದವನು ಇವನೇ” ಎಂದು ಜಗಳಕ್ಕೆ ನಿಲ್ಲುತ್ತಾರೆ.

ತಿಂಡಿಪೋತ ಮಹಾಬಲಶಾಲಿ! ನಮಗೆ ಇವನ ಪರಿಚಯವಿಲ್ಲವೆ? ವೃಕೋದರನೆಂಬ ಹೆಸರೇ ಸಾಕು. ಏಕಚಕ್ರಪುರದಲ್ಲಿ ಬಂಡಿ ತುಂಬ ಅನ್ನ ಹೇರಿಕೊಂಡು ಹೋದ ಭೀಮ ಬಕಾಸುರನ ಮುಂದೆಯೇ ಅದನ್ನು ಉಣ್ಣುತ್ತಾನೆ. ಬಕ ಬೆನ್ನಿಗೆ ಗುದ್ದುತ್ತಿದ್ದರೂ ತಿರುಗಿ ನೋಡದೆ ಊಟ ಮುಗಿಸುತ್ತಾನೆ. ಈ ಭಾಗವನ್ನು ತರಗತಿಯಲ್ಲಿ ಓದಿಸುವಾಗ ನಗದ ಹುಡುಗನನ್ನು ಬಹುಕಾಲ ನಾನು ಕಂಡಿರಲಿಲ್ಲ. ರನ್ನನ ‘ಗದಾಯುದ್ಧ’ ಕನ್ನಡದ ವೀರರಸದ ಶಿಖರವೆಂದು ನಾವೆಲ್ಲ ಪಾಠ ಹೇಳುತ್ತೇವೆ. ಆದರೆ ರನ್ನ ಅದರೊಳಗೆ ಒಬ್ಬ ವಿದೂಷಕನನ್ನೂ ಇರಿಸಿದ್ದಾನೆಂಬುದನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯವರು ಅಷ್ಟಾಗಿ ಕೇಳುವುದಿಲ್ಲ. ಬಿ. ಎಂ. ಶ್ರೀಯವರು ಆ ಕಾವ್ಯವನ್ನೇ ನಾಟಕವಾಗಿ ಇಳಿಸಿದರು. 1929ರ ‘ಅಶ್ವತ್ಥಾಮನ್’ನಲ್ಲಿ ಸೋಫೋಕ್ಲಿಸನ ‘ಏಜಾಕ್ಸ್’ ನಾಟಕಕ್ಕೆ ಭಾರತದ ವೇಷ ತೊಡಿಸಿದರು. ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ತಂದರು. ಅವರಿಗೆ ನಾವು ಎಷ್ಟು ಕೃತಜ್ಞರಾದರೂ ಸಾಲದು. ಹೀಗೆ ರುದ್ರನಾಟಕ ಕಾಲೇಜಿನ ಬಾಗಿಲಿನಿಂದ ಕನ್ನಡಕ್ಕೆ ಬಂತು. ಅದರ ಬೆನ್ನಿಗೆ ಬರಬೇಕಾಗಿದ್ದ ನಾಲ್ಕನೆಯ ನಾಟಕ ಮಾತ್ರ ಕಾಲೇಜಿಗೆ ಬರಲಿಲ್ಲ. ಅದು ಟೆಂಟಿಗೆ ಹೋಯಿತು.

ಗ್ರೀಕರ ನಗೆಗೂ ಕನ್ನಡಕ್ಕೂ ಇನ್ನೂ ಹಳೆಯದಾದ ನಂಟೊಂದು ಇರಬಹುದೆಂದು ನಂಬುವವರಿದ್ದಾರೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಪ್ರಹಸನದ ಕಥೆಯನ್ನು ಕನ್ನಡ ಓದಿದವರೆಲ್ಲ ಕೇಳಿರುತ್ತಾರೆ. ಕ್ರಿ. ಶ. ಎರಡನೆಯ ಶತಮಾನದ ಪ್ರತಿ ಅದು. ಚಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕರಾವಳಿಯ ಅರಸನೊಬ್ಬನ ಸೆರೆಯಲ್ಲಿದ್ದಾಳೆ. ಅಣ್ಣನೂ ಅವನ ಸಂಗಡಿಗರೂ ಹಡಗಿನಲ್ಲಿ ಬಂದು ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅರಸನೂ ಅವನ ಕಡೆಯವರೂ ಆಡುವ ಪರಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಪಂಡಿತರು ಸೂಚಿಸಿದರು. ಆರ್. ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ದಾರಿಯಲ್ಲಿ ಮುಂದುವರಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ತುಳುವೆನ್ನುವವರೂ ಇದ್ದಾರೆ. ವಾದ ಅಂತಿರಲಿ. ನನಗೆ ವಿನೋದವಾಗಿ ಕಾಣುವುದು ಬೇರೆ. ಈ ಪ್ರಹಸನ ಯೂರಿಪಿಡೀಸನ ‘ಟಾರಿಸ್‌ನಲ್ಲಿ ಇಫಿಜೀನಿಯ’ ನಾಟಕದ ಅಣಕ. ಎಂದರೆ, ಗ್ರೀಕ್ ಪುರಾಣವನ್ನು ಹಗುರಮಾಡಿದ ಸಾಹಸದ ಆಟ; ಇವತ್ತಿನ ಮಾತಿನಲ್ಲಿ ಅಪ್ಪಟ ಮಸಾಲೆ ಚಿತ್ರ. ಅದರಲ್ಲಿ ನಮ್ಮ ಅರಸನಿಗೆ ನೀರು ಬೆರಸದ ಮದ್ಯ ಕುಡಿಸಿ, ಅಮಲೇರಿದ ಮೇಲೆ ಕಟ್ಟಿಹಾಕುತ್ತಾರೆ. ವಿದೂಷಕನು ಶತ್ರುಗಳನ್ನು ಓಡಿಸಲು ಪ್ರಯೋಗಿಸುವ ಅಸ್ತ್ರ ಯಾವುದೆಂಬುದನ್ನು ಕುಟುಂಬದವರು ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ; ಅದಕ್ಕೆ ಬತ್ತಳಿಕೆ ಬೇಡ, ಹೊಟ್ಟೆ ಸಾಕು ಎಂದಷ್ಟೇ ಹೇಳಬಹುದು. ಕನ್ನಡದ ಪ್ರಾಚೀನತೆಗೆ ನಾವು ಎದೆಯುಬ್ಬಿಸಿ ತೋರಿಸುವ ಸಾಕ್ಷಿಗಳಲ್ಲೊಂದು ಇಂಥದು. ನಕ್ಕು ತೋರಿಸಿದರೆ ಇನ್ನೂ ಚೆನ್ನಾಗಿರುತ್ತಿತ್ತು.

ಈಗ ನಮ್ಮ ತೆರೆಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ ವೈ. ವಿ. ರಾವ್ ನಿರ್ದೇಶಿಸಿದ್ದು; ಮಾತೂ ಹಾಡೂ ಬೆಳ್ಳಾವೆ ನರಹರಿಶಾಸ್ತ್ರಿಗಳದು; ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಹೆಸರು ಸತಿಯದಾದರೂ ಕಥೆ ಯುದ್ಧದ್ದು. ಇವರೆಲ್ಲ ನಾಟಕದ ಕಂಪನಿಗಳಿಂದ ಬಂದವರು. ಆ ಕಂಪನಿಗಳಾದರೋ ಅದ್ಭುತವನ್ನು ಜನಕ್ಕೆ ಉಣಬಡಿಸುವುದರಲ್ಲಿ ಯಾರಿಗೂ ಕಡಮೆಯಾಗಿರಲಿಲ್ಲ. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಗುಬ್ಬಿ ವೀರಣ್ಣನವರು ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದುವು. ಅಂಥ ವೀರಣ್ಣನವರು ತಾವು ಹಾಸ್ಯಪಾತ್ರಗಳಿಂದಲೇ ಪ್ರಸಿದ್ಧರು. ಆನೆಯನ್ನೂ ಹಾಸ್ಯವನ್ನೂ ಒಂದೇ ರಂಗದ ಮೇಲೆ ನಿಲ್ಲಿಸುವ ವಿದ್ಯೆಯೇ ನಮ್ಮ ಪೌರಾಣಿಕ ಚಿತ್ರಗಳಿಗೆ ಪಿತ್ರಾರ್ಜಿತವಾಗಿ ಬಂತು.

ಅದೇ ಗುಬ್ಬಿ ಕಂಪನಿಯ ಗರಡಿಯಿಂದ ಬಂದವರು ರಾಜಕುಮಾರ್. 1954ರ ‘ಬೇಡರ ಕಣ್ಣಪ್ಪ’ದ ಭಕ್ತಿ ಎಲ್ಲರಿಗೂ ತಿಳಿದದ್ದೇ. ಅವರ ರಾಕ್ಷಸಪಾತ್ರಗಳ ಸೊಬಗೇ ಬೇರೆ: 1958ರ ‘ಭೂಕೈಲಾಸ’ದಲ್ಲಿ ರಾವಣ, 1959ರಲ್ಲಿ ಬಿ. ಎಸ್. ರಂಗಾ ಅವರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ಕೇಡಿಗನಾಗಿದ್ದೂ ಪ್ರೀತಿ ಗಳಿಸುವ ಈ ಚಮತ್ಕಾರವನ್ನು ಸ್ಟೀವ್ ರೀವ್ಸ್ ತನ್ನ ಎಲ್ಲ ಮಾಂಸಖಂಡಗಳಿಂದಲೂ ಸಾಧಿಸಲಾರ. ಆದರೆ ನನ್ನ ವಿಷಯಕ್ಕೆ ತೀರ ಸಮೀಪವಾದದ್ದು 1977ರ ‘ಬಭ್ರುವಾಹನ’. ಹುಣಸೂರು ಕೃಷ್ಣಮೂರ್ತಿಗಳ ನಿರ್ದೇಶನ. ತಂದೆ ಅರ್ಜುನನೂ ಮಗ ಬಭ್ರುವಾಹನನೂ ರಾಜಕುಮಾರರೇ. ಆಗ ಅವರಿಗೆ ನಲವತ್ತೆಂಟರ ಆಸುಪಾಸು. ಕ್ಯಾಮೆರಾದ ಕಣ್ಣನ್ನು ಅರ್ಧ ಮುಚ್ಚಿ ಒಬ್ಬನನ್ನು ತೆಗೆದು, ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧದಲ್ಲಿ ಮತ್ತೊಬ್ಬನನ್ನು ತೆಗೆಯುವ ಹಳೆಯ ವಿದ್ಯೆಯಿಂದ ದ್ವಿಪಾತ್ರ ಸಾಧ್ಯವಾಗುತ್ತಿದ್ದ ಕಾಲ. ತಂದೆಮಕ್ಕಳ ಯುದ್ಧ ಬಾಣಕ್ಕೆ ಮೊದಲು ಹಾಡಿನಲ್ಲಿ ನಡೆಯುತ್ತದೆ. ಒಂದು ದನಿ ರಾಜಕುಮಾರರದೇ, ಇನ್ನೊಂದು ಪಿ. ಬಿ. ಶ್ರೀನಿವಾಸರದು. ಒಬ್ಬರನ್ನೊಬ್ಬರು ಮೂದಲಿಸುವ ಆ ಹಾಡನ್ನು ಮೂರು ತಲೆಮಾರಿನ ಹುಡುಗರು ಬೀದಿಯಲ್ಲಿ ಕೋಲು ಹಿಡಿದು ಅಭಿನಯಿಸಿದ್ದಾರೆ.

ಈ ಕಥೆ ಕನ್ನಡಿಗರಿಗೆ ಪ್ರಿಯವಾದದ್ದು ಲಕ್ಷ್ಮೀಶನಿಂದ. ಕುದುರೆಯನ್ನು ಒಪ್ಪಿಸಿ ಕಾಲಿಗೆರಗಿದ ಮಗನನ್ನು ಅರ್ಜುನ ಒದ್ದು, ತಾಯಿಯನ್ನೂ ಹೀನಾಯವಾಗಿ ಆಡುತ್ತಾನೆ. ಮಗ ತಿರುಗಿ ನಿಂತು ತಂದೆಯ ತಲೆಯನ್ನೇ ಕೆಡವುತ್ತಾನೆ. ಪಾತಾಳದಿಂದ ಮಣಿ ಬರಬೇಕು, ಕೃಷ್ಣ ಬರಬೇಕು, ಸತ್ತವರು ಏಳಬೇಕು. ಗ್ರೀಕರಲ್ಲಿಯೂ ಇಂಥ ಮಗನಿದ್ದಾನೆ. ಒಡಿಸ್ಯೂಸನಿಗೆ ಸರ್ಸಿಯಲ್ಲಿ ಹುಟ್ಟಿದ ಟೆಲಿಗೊನಸ್ ತಂದೆಯನ್ನು ಹುಡುಕುತ್ತ ಬಂದು, ಗುರುತರಿಯದೆ ಮೀನಿನ ಮುಳ್ಳಿನ ಈಟಿಯಿಂದ ಅವನನ್ನೇ ಕೊಂದ. ಅಲ್ಲಿ ಮಣಿ ಬರಲಿಲ್ಲ, ಒಡಿಸ್ಯೂಸ್ ಏಳಲಿಲ್ಲ. ಹೆಣ್ಣುನಾಡಿನ ಕಥೆಯೂ ಹಾಗೆಯೆ. ಅಮೆಜಾನರ ರಾಣಿ ಹಿಪ್ಪೊಲಿಟೆಯನ್ನು ಹರ್ಕ್ಯುಲಿಸ್ ಕೊಂದು ನಡುಕಟ್ಟನ್ನು ತಂದ. ಪೆಂಥೆಸಿಲಿಯಾಳನ್ನು ಅಕಿಲೀಸ್ ಕೊಂದ. ನಮ್ಮ ಅರ್ಜುನ ಸ್ತ್ರೀರಾಜ್ಯದ ಪ್ರಮೀಳೆಯನ್ನು ಗೆಲ್ಲಲಾರದೆ ಮದುವೆಯಾಗುವುದಾಗಿ ಮಾತುಕೊಟ್ಟು ಪಾರಾದ. ಜೈಮಿನಿ ಭಾರತದಲ್ಲಿ ಸಾವು ಕೂಡ ಒಂದು ವಿರಾಮ ಮಾತ್ರ. ಇಂಥ ಕಾವ್ಯ ಓದಿ ಬೆಳೆದ ನಾಡಿಗೆ, ಪೆಟ್ಟಾಗದ ಯುದ್ಧದ ಸಿನಿಮಾ ಹಿಡಿಸಿದುದರಲ್ಲಿ ಆಶ್ಚರ್ಯವೇನು?

ನಾನು ‘ಬಭ್ರುವಾಹನ’ವನ್ನು ಮೊದಲು ನೋಡಿದ್ದು ಥಿಯೇಟರಿನಲ್ಲಿ ಅಲ್ಲ, 1990ರ ಸುಮಾರಿಗೆ ಬಾಗೂರಿನಲ್ಲಿ, ಗಣೇಶನ ಹಬ್ಬದ ರಾತ್ರಿ. ಚನ್ನರಾಯಪಟ್ಟಣದಿಂದ ಬಾಡಿಗೆಗೆ ತಂದ ಟೆಲಿವಿಷನ್ನು, ವಿಡಿಯೋ ಪೆಟ್ಟಿಗೆ. ಬೀದಿಯಲ್ಲಿ ಚಾಪೆ, ಗೋಣಿಚೀಲ, ಎತ್ತಿನ ಗಾಡಿ. ತಂದೆಮಕ್ಕಳ ಯುದ್ಧ ರಂಗೇರಿದ ಹೊತ್ತಿಗೆ ದೀಪ ಹೋಯಿತು. ಹುಡುಗರು ಕೂಗಿದೆವು. ಆಗ ಕತ್ತಲಲ್ಲಿ ಅಜ್ಜನೊಬ್ಬ ಗಂಟಲು ಸರಿಪಡಿಸಿಕೊಂಡು, ಜೈಮಿನಿಯ ಪದ್ಯಗಳನ್ನು ಹಾಡುತ್ತ, ನಡುನಡುವೆ ಅರ್ಥ ಹೇಳುತ್ತ ಕಥೆಯನ್ನು ಮುಂದುವರಿಸಿದ. ಅರ್ಜುನನನ್ನು ನಮ್ಮೂರ ಯಾವನೋ ಮುಂಗೋಪಿ ಯಜಮಾನನಂತೆ ಆಡಿಸಿ ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು. ಮುಕ್ಕಾಲು ಗಂಟೆಯ ಮೇಲೆ ವಿದ್ಯುತ್ತು ಬಂತು. “ತಡೀರೋ, ಅಜ್ಜ ಮುಗಿಸಲಿ” ಎಂದರು ಹೆಂಗಸರು. ಪೆಟ್ಟಿಗೆಯವನು ಸುಮ್ಮನೆ ಕುಳಿತ.

ಅಲ್ಲಿ ಕುಳಿತ ಯಾರಿಗೂ ಮುಂದೇನಾಗುತ್ತದೆಂಬ ಕುತೂಹಲವಿರಲಿಲ್ಲ; ಎಲ್ಲರಿಗೂ ಕಥೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ನಗುವುದು ಸಾಧ್ಯವಾಯಿತು. ಮನೆಯ ಹಿರಿಯನನ್ನು ಮನೆಯವರು ಗೇಲಿ ಮಾಡುವಂತೆ ಅವರು ಅರ್ಜುನನನ್ನು ಗೇಲಿ ಮಾಡಿದರು. ಪರಿಚಯವಿಲ್ಲದವರ ಮುಂದೆ ನಾವು ನಗುವುದಿಲ್ಲ. ಕೈಕಟ್ಟಿ ನಿಲ್ಲುತ್ತೇವೆ, ಇಲ್ಲವೆ ಸಿಟ್ಟಾಗುತ್ತೇವೆ. ಈಚೆಗೆ ಬಕವಧೆಯ ಪಾಠದ ನಡುವೆ ವಿದ್ಯಾರ್ಥಿಯೊಬ್ಬ ಎದ್ದು, “ಸಾರ್, ಭೀಮಸೇನನ ವಿಷಯ ಹೀಗೆ ನಗಬಹುದೆ?” ಎಂದು ಕೇಳಿದ. ವಿನಯವಾಗಿಯೇ ಕೇಳಿದ. ಕುಮಾರವ್ಯಾಸನೇ ನಗಿಸುತ್ತಿದ್ದಾನೆಂದು ಹೇಳಿದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವನು ಮಹಾಭಾರತವನ್ನು ಮನೆಯಲ್ಲಿ ಯಾರಿಂದಲೂ ಕೇಳಿದವನಲ್ಲ. ಫೋನಿನಲ್ಲಿ, ಕಹಳೆ ಊದಿದಂಥ ಸಂಗೀತದೊಂದಿಗೆ, ಅರ್ಧ ನಿಮಿಷದ ತುಣುಕುಗಳಲ್ಲಿ ಕಂಡವನು. ಆ ತುಣುಕುಗಳಲ್ಲಿ ಭೀಮ ಊಟ ಮಾಡುವುದೇ ಇಲ್ಲ.

ಗ್ರೀಕರ ಕಥೆಗೂ ಈ ಗತಿ ಬಂದಿದೆ. 1981ರ ‘ಕ್ಲ್ಯಾಶ್ ಆಫ್ ದಿ ಟೈಟನ್ಸ್’ನಲ್ಲಿ ಲಾರೆನ್ಸ್ ಒಲಿವಿಯೆಯಂಥ ಮಹಾನಟ ಸ್ಯೂಸ್ ದೇವನಾಗಿ ಕುಳಿತಿದ್ದ, ಪಕ್ಕದಲ್ಲಿ ಒಂದು ಯಾಂತ್ರಿಕ ಗೂಬೆ ಕಿಚಪಿಚಗುಡುತ್ತಿತ್ತು. ಕ್ರಾಕನ್ ಎಂಬ ಕಡಲ ಪ್ರಾಣಿ ಗ್ರೀಕರದಲ್ಲ, ನಾರ್ವೆ ಕಡೆಯದು. ಯಾರೂ ತಕರಾರು ಮಾಡಲಿಲ್ಲ. ಭಾರತದಲ್ಲಿ ಹುಟ್ಟಿದ ತರ್ಸೆಮ್ ಸಿಂಗ್ 2011ರಲ್ಲಿ ನಿರ್ದೇಶಿಸಿದ ‘ಇಮ್ಮಾರ್ಟಲ್ಸ್’ನಲ್ಲಿ ಬಣ್ಣ ಅಮೋಘ, ನೆತ್ತರು ಅದಕ್ಕಿಂತ ಹೆಚ್ಚು, ನಗೆ ತೀರ ಕಡಮೆ. ನಮ್ಮ 2019ರ ‘ಕುರುಕ್ಷೇತ್ರ’ದಲ್ಲಿ ದರ್ಶನ್ ದುರ್ಯೋಧನ, ಅಂಬರೀಷ್ ಭೀಷ್ಮ, ಮೂರು ಆಯಾಮದ ಕನ್ನಡಕ ಬೇರೆ. ವೈಭವಕ್ಕೆ ಕೊರತೆಯಿಲ್ಲ. ಆದರೆ ಕಂಪ್ಯೂಟರಿನ ಗದೆ ರಟ್ಟಿನ ಗದೆಗಿಂತ ಭಾರವೆಂದು ನನ್ನ ಅನಿಸಿಕೆ. ಅದು ತನ್ನನ್ನು ನಿಜವೆಂದು ನಂಬಬೇಕೆಂದು ಒತ್ತಾಯಿಸುತ್ತದೆ, ಒಪ್ಪಂದಕ್ಕೆ ಬರುವುದಿಲ್ಲ.

ಬಾಗೂರಿನವರಿಗೆ ಹರ್ಕ್ಯುಲಿಸ್ ಪರಕೀಯನಲ್ಲವೆಂದು ನಾನು ತಮಾಷೆಗೆ ಹೇಳುವುದುಂಟು. ಅವನ ಐದನೆಯ ಸಾಹಸವೆಂದರೆ ನದಿಗಳನ್ನು ತಿರುಗಿಸಿ ಆಜಿಯಸ್ ರಾಜನ ಕೊಟ್ಟಿಗೆಯನ್ನು ತೊಳೆದದ್ದು. ನಮ್ಮಲ್ಲಿ ಹೇಮಾವತಿಯನ್ನು ಬಾಗೂರು–ನವಿಲೆ ಸುರಂಗದ ಮೂಲಕ ನೆಲದಡಿಯಲ್ಲಿ ಹಾಯಿಸಿ ತುಮಕೂರಿನ ಕಡೆಗೆ ಕಳುಹಿಸಿದ್ದಾರೆ. ಹರ್ಕ್ಯುಲಿಸನ ಆ ಕೆಲಸವನ್ನು ಯೂರಿಸ್ತಿಯಸ್ ದೊರೆ ಲೆಕ್ಕಕ್ಕೆ ಹಿಡಿಯಲಿಲ್ಲ. ಕೂಲಿ ಕೇಳಿ ಮಾಡಿದ್ದು ಸಾಹಸವಲ್ಲವೆಂದು ತೀರ್ಪಿತ್ತ. ಕಂಟ್ರಾಕ್ಟರುಗಳು ಈ ಕಥೆಯನ್ನು ಓದದಿರುವುದೇ ಲೇಸು. ಇದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಅಲ್ಲಿ ಪುರಾಣವನ್ನು ಕಲ್ಲಿನಲ್ಲಿ ಆಡಿಸಿದ್ದಾರೆ. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದು, ಗೆದ್ದ ಗಳಿಗೆಯಲ್ಲೇ ಕೈಬಿಟ್ಟವನು ನಿಂತಿದ್ದಾನೆ. ಅವನ ತುಟಿಯ ಮೇಲಿನ ಮಂದಹಾಸವನ್ನು ಕುರಿತು ಕವಿಗಳು ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದಿಲ್ಲ.

ಟೆಂಟುಗಳು ಹೋದುವು. ವಿಡಿಯೋ ಪೆಟ್ಟಿಗೆಯೂ ಹೋಯಿತು. ಹೋಗದೆ ಉಳಿದಿರುವುದು ಹಾಸನ, ಮಂಡ್ಯ, ತುಮಕೂರಿನ ಹಳ್ಳಿಗಳಲ್ಲಿ ರೈತರೇ ಕಲಿತು ಆಡುವ ‘ಕುರುಕ್ಷೇತ್ರ’ ನಾಟಕ. ಹಾರ್ಮೋನಿಯಮ್ಮಿನ ಮೇಷ್ಟರು ತಿಂಗಳುಗಟ್ಟಲೆ ಕಲಿಸುತ್ತಾರೆ; ಪಾತ್ರಧಾರಿಗಳೇ ಕೈಯಿಂದ ಹಣ ಹಾಕುತ್ತಾರೆ. ದುರ್ಯೋಧನನಾಗಬೇಕಾದರೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಮೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಒಂದು ರಾತ್ರಿ ಕುಳಿತು ನೋಡಿದವರಿಗೆ, ಭೀಮ ತೊಡೆ ತಟ್ಟಿದಾಗ ಅವನ ಹೆಂಡತಿಮಕ್ಕಳು ಮುಂದಿನ ಸಾಲಿನಲ್ಲಿ ನಗುವ ನಗೆ ಕೇಳಿಸದಿರದು. ನಾಲ್ಕನೆಯ ನಾಟಕ ಇಲ್ಲಿ ಇನ್ನೂ ನಡೆಯುತ್ತಿದೆ.

‘ಸತಿ ಸುಲೋಚನಾ’ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕೆಲವು ಸ್ಥಿರಚಿತ್ರಗಳಲ್ಲಿ ಸುಬ್ಬಯ್ಯನಾಯ್ಡುಗಳು ಕಿರೀಟ ಧರಿಸಿ ನಿಂತಿದ್ದಾರೆ. ಅವರು ಹೇಗೆ ಬಾಣ ಹೂಡಿದರು, ಜನ ಎಲ್ಲಿ ನಕ್ಕರು, ತಿಳಿಯುವಂತಿಲ್ಲ. ಅದನ್ನು ನೆನೆದೇ ಎರಡು ವರ್ಷಗಳಿಂದ ಬಾಗೂರು ಹ‍ೋಬಳಿಯ ನಾಟಕದ ಮೇಷ್ಟರುಗಳ ಹಳೆಯ ನೋಟುಪುಸ್ತಕಗಳನ್ನು ಕೇಳಿ ಪಡೆದು ಪ್ರತಿ ಮಾಡಿಸುತ್ತಿದ್ದೇನೆ. ಅಚ್ಚಾದ ನಾಟಕದಲ್ಲಿ ಇಲ್ಲದ ಎಷ್ಟೋ ಮಾತುಗಳು ಅವುಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿವೆ. ಒಂದರಲ್ಲಿ, ಭೀಮನ ಪ್ರವೇಶಕ್ಕೆ ಮೊದಲು ಹಾಸ್ಯಗಾರನು ಅಡಿಗೆಯವನನ್ನು ಕರೆದು, ಈ ತಿಂಗಳ ರೇಷನ್ ಅಕ್ಕಿ ಬಂತೆ ಎಂದು ವಿಚಾರಿಸುತ್ತಾನೆ; ಬಂದಿಲ್ಲವೆಂದು ತಿಳಿದು, ಹಾಗಾದರೆ ಭೀಮಸೇನರನ್ನು ಸ್ವಲ್ಪ ಹೊತ್ತು ಪರದೆಯ ಹಿಂದೆಯೇ ಕೂರಿಸಿರಿ ಎನ್ನುತ್ತಾನೆ. ಯಾವ ವರ್ಷ ಬರೆದದ್ದೆಂದು ಮೇಷ್ಟರಿಗೂ ನೆನಪಿಲ್ಲ.